ಕಾಲು, ಅರೆ, ಮುಕ್ಕಾಲು ಗಾಳಿ

ಕಾರ್ತಿಕದ ಒಂದು ಮಧ್ಯಾಹ್ನ. ಬೆಳಗಿನಿಂದ ಹಿಡಿದಿದ್ದ ಮಳೆ ಒಂದು ಗಂಟೆ ಬಿಡುವು ಕೊಟ್ಟಿತ್ತು. ಚೆನ್ನೈನ ಪಮ್ಮಲ್‌ನಲ್ಲಿರುವ ನಮ್ಮ ಮನೆಯ ತಾರಸಿಯಲ್ಲಿ ಹೆಂಡತಿ ಒಣಹಾಕಿದ್ದ ಸೀರೆ ಹಗ್ಗದಿಂದ ಎದ್ದು, ನೈಋತ್ಯದ ಕಡೆಗೆ ಚಾಚಿಕೊಂಡು ಪಟಪಟ ಬಡಿಯುತ್ತಿತ್ತು. ಅದನ್ನು ಎಳೆದು ಮಡಿಸಲು ಹೋದವನು ತಲೆಯ ಮೇಲೆ ಸದ್ದು ಕೇಳಿ ನಿಂತೆ. ನಮ್ಮ ಮನೆ ಮೀನಂಬಾಕ್ಕಂ ವಿಮಾನ ನಿಲ್ದಾಣದ ಪಡುವಣ ಮಗ್ಗುಲಿಗಿದೆ. ಹಿಂಗಾರಿನ ದಿನಗಳಲ್ಲಿ ಇಳಿಯುವ ವಿಮಾನಗಳೆಲ್ಲ ನಮ್ಮ ನೆತ್ತಿಯ ಮೇಲಿಂದಲೇ ಹೋಗಬೇಕು. ವರ್ಷಗಳಿಂದ ನೋಡುತ್ತಿದ್ದೇನೆ, ಆದರೆ ನೋಡುವುದು ಎಂದರೇನು ಎಂದು ಆ ದಿನ ಗೊತ್ತಾಯಿತು.

ತಂಗಿಯ ಮಗಳು ಕಾಫಿ ಲೋಟ ಹಿಡಿದು ಮೇಲೆ ಬಂದಳು. ಅವಳು ಪೈಲಟ್. ಬೆಂಗಳೂರಿನ ಹುಡುಗಿ, ಚಿಕ್ಕವಳಿದ್ದಾಗ ಜಕ್ಕೂರಿನ ಬೇಲಿಯಾಚೆ ನಿಂತು ಪುಟ್ಟ ವಿಮಾನಗಳನ್ನು ನೋಡುತ್ತಾ ಬೆಳೆದವಳು. ಚೆನ್ನೈ ಡ್ಯೂಟಿ ಬಿದ್ದಾಗ ನಮ್ಮ ಮನೆಯಲ್ಲೇ ಇರುತ್ತಾಳೆ.

"ಮಾವ, ಅದರ ಮೂತಿ ಎತ್ತ ಕಡೆ ಇದೆ ನೋಡಿ" ಅಂದಳು.

ನೋಡಿದೆ. ವಿಮಾನ ಹೋಗುತ್ತಿದ್ದದ್ದು ನೇರ ರನ್‌ವೇ ಕಡೆಗೆ. ಮೂತಿ ಮಾತ್ರ ಎಡಕ್ಕೆ, ಬಡಗಣದ ಕಡೆಗೆ ತಿರುಗಿತ್ತು. ತುಂಬಿದ ತುಂಗಭದ್ರೆಯಲ್ಲಿ ಆಚೆ ದಡದ ಮೆಟ್ಟಿಲಿಗೆ ಹೋಗಬೇಕಾದ ಅಂಬಿಗ ದೋಣಿಯ ಮೂತಿಯನ್ನು ಮೇಲ್ಹೊಳೆಗೆ ತಿರುಗಿಸಿಯೇ ಹುಟ್ಟು ಹಾಕುತ್ತಾನಲ್ಲ, ಹಾಗೆ. ಏಡಿ ಅಡ್ಡಡ್ಡ ನಡೆದ ಹಾಗೆ ಕಾಣುವುದರಿಂದ ಪೈಲಟ್‌ಗಳು ಇದನ್ನು ‘ಕ್ರ್ಯಾಬ್’ ಎನ್ನುತ್ತಾರಂತೆ.

ಅವಳು ಫೋನಿನಲ್ಲಿ ನಿಲ್ದಾಣದ ಹವಾ ವರದಿ ತೆಗೆದಳು. ಅರ್ಧ ಗಂಟೆಗೊಮ್ಮೆ ಹೊರಬೀಳುವ, ಸಂಕೇತಾಕ್ಷರಗಳಲ್ಲಿ ಬರೆದ ಒಂದು ಸಾಲು. ಗಾಳಿ 040 ಡಿಗ್ರಿಯಿಂದ, ವೇಗ 20 ನಾಟ್, ಬೀಸು ಬಂದಾಗ 30. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ನಾನು ಅದನ್ನು ಮನಸ್ಸಿನಲ್ಲಿ ಕಿಲೋಮೀಟರಿಗೆ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ಅವಳು, "ಅರೆ. ಹತ್ತು, ಬೀಸಿದರೆ ಹದಿನೈದು" ಅಂದು ಕಾಫಿ ಗುಟುಕರಿಸಿದಳು.

"ಏನಮ್ಮಾ ಅರೆ?"

"ಅಡ್ಡಗಾಳಿ, ಮಾವ."

ಆ ಒಂದು ಮಾತಿನಿಂದ ಶುರುವಾದ ಲೆಕ್ಕ ನನ್ನನ್ನು ಈಗಲೂ ಬಿಟ್ಟಿಲ್ಲ.

ವಿಷಯ ಇಷ್ಟು. ರನ್‌ವೇಗಳಿಗೆ ಇಡುವ ಸಂಖ್ಯೆ ಅವುಗಳ ದಿಕ್ಕು. ದಿಕ್ಸೂಚಿಯಲ್ಲಿ 70 ಡಿಗ್ರಿಯ ಕಡೆಗೆ ಮುಖ ಮಾಡಿದ್ದರೆ ಅದು 07. ಅದೇ ಪಟ್ಟಿಯ ಇನ್ನೊಂದು ತುದಿಯಿಂದ ನೋಡಿದರೆ 250, ಅಂದರೆ 25. ಗಾಳಿಗೂ ಹಾಗೆಯೇ, ಅದು ಬರುವ ದಿಕ್ಕಿನ ಡಿಗ್ರಿ. ರನ್‌ವೇ 70, ಗಾಳಿ 40, ನಡುವಿನ ಕೋನ 30. ಈ ಗಾಳಿಯಲ್ಲಿ ಎಷ್ಟು ಪಾಲು ವಿಮಾನದ ಎದೆಗೆ ಎದುರಾಗಿ ಬರುತ್ತದೆ, ಎಷ್ಟು ಪಾಲು ಪಕ್ಕೆಗೆ ಹೊಡೆಯುತ್ತದೆ? ಎದುರುಗಾಳಿ ಇಳಿಯುವವರ ನೆಂಟ, ನೆಲದ ಮೇಲಿನ ವೇಗವನ್ನು ತಗ್ಗಿಸಿ ಕೊಡುತ್ತದೆ. ಪಕ್ಕೆಗೆ ಹೊಡೆಯುವ ಪಾಲು ಮಾತ್ರ ವಿಮಾನವನ್ನು ನಡುಗೆರೆಯಿಂದ ಆಚೆ ತಳ್ಳುತ್ತದೆ. ಗಣಿತದ ಪುಸ್ತಕದಲ್ಲಿ ಇದಕ್ಕೆ ಉತ್ತರ, ಗಾಳಿಯ ವೇಗವನ್ನು ಆ ಕೋನದ ಸೈನ್‌ನಿಂದ ಗುಣಿಸು ಎಂಬುದು. ಇಳಿಯುವ ವಿಮಾನದಲ್ಲಿ ಪುಸ್ತಕ ತೆರೆಯುವವರು ಯಾರು? ಅದಕ್ಕೇ ಪೈಲಟ್‌ಗಳು ಗಡಿಯಾರವನ್ನು ನೆನೆಯುತ್ತಾರೆ. ಕೋನ 15 ಡಿಗ್ರಿಯಾದರೆ ಕಾಲು ಗಂಟೆ, ಗಾಳಿಯ ಕಾಲು ಭಾಗ. 30 ಆದರೆ ಅರ್ಧ. 45 ಆದರೆ ಮುಕ್ಕಾಲು. 60 ದಾಟಿತೋ, ಗಂಟೆ ತುಂಬಿತು, ಗಾಳಿ ಪೂರ್ತಿ ಅಡ್ಡಗಾಳಿಯೇ ಎಂದು ಹಿಡಿ.

ಕಾಲು, ಅರೆ, ಮುಕ್ಕಾಲು. ಕೇಳುತ್ತಿದ್ದ ಹಾಗೆ ನನಗೆ ಅಪ್ಪ ನೆನಪಾದರು. ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅವರು ಸಂಜೆ ದೀಪ ಹಚ್ಚಿದ ಮೇಲೆ ನಮ್ಮನ್ನು ಸಾಲಾಗಿ ಕೂರಿಸಿ ಒಪ್ಪಿಸಿಕೊಳ್ಳುತ್ತಿದ್ದದ್ದು ಬರೀ ಇಪ್ಪತ್ತರ ಮಗ್ಗಿಯಲ್ಲ, ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿ. ಒಂದು ಮುಕ್ಕಾಲು ಮುಕ್ಕಾಲು, ಎರಡು ಮುಕ್ಕಾಲು ಒಂದೂವರೆ, ಮೂರು ಮುಕ್ಕಾಲು ಎರಡೂಕಾಲು, ನಾಲ್ಕು ಮುಕ್ಕಾಲು ಮೂರು. ಕ್ಯಾಲ್ಕುಲೇಟರ್ ಬಂದ ಮೇಲೆ ಆ ಮಗ್ಗಿಗಳು ಎಲ್ಲಿ ಹೋದವೋ ಎಂದುಕೊಂಡಿದ್ದೆ. ಅವು ವಿಮಾನದ ಮೂತಿಯಲ್ಲಿ ಕೂತಿವೆ. ತಮಿಳಿನಲ್ಲೂ ಅವು ಕಾಲ್, ಅರೈ, ಮುಕ್ಕಾಲ್. ಈ ಊರಿನ ತರಕಾರಿ ಅಂಗಡಿಯಲ್ಲಿ ನನ್ನ ಕನ್ನಡ ಒಂದಿಷ್ಟೂ ಬದಲಾಗದೆ ನಡೆಯುವುದು ಈ ಮೂರು ಮಾತುಗಳಲ್ಲೇ.

ಈ ಗಡಿಯಾರದ ಲೆಕ್ಕ ಎಷ್ಟು ಸರಿ? ಅವತ್ತು ರಾತ್ರಿ ಕೂತು ಪರೀಕ್ಷಿಸಿದೆ. 15 ಡಿಗ್ರಿಯ ಸೈನ್ 0.26, ನಮ್ಮದು 0.25. 30ಕ್ಕೆ 0.5, ಕೂದಲೆಳೆಯೂ ಆಚೀಚೆ ಇಲ್ಲ. 45ಕ್ಕೆ ನಿಜ 0.71, ನಮ್ಮದು 0.75. 60ಕ್ಕೆ ನಿಜ 0.87, ನಮ್ಮದು 1. ಗಾಳಿ ಹೆಚ್ಚು ಅಡ್ಡವಾಗುತ್ತಾ ಹೋದಂತೆ ಲೆಕ್ಕ ತಪ್ಪುತ್ತದೆ, ಆದರೆ ತಪ್ಪುವುದು ಅಪಾಯವನ್ನು ದೊಡ್ಡದು ಮಾಡಿ ಹೇಳುವ ಕಡೆಗೆ. 20 ನಾಟ್ ಗಾಳಿ 60 ಡಿಗ್ರಿ ಕೋನದಲ್ಲಿ ಬಂದರೆ ನಿಜವಾದ ಅಡ್ಡಗಾಳಿ 17ರ ಆಸುಪಾಸು. ಪೈಲಟ್ ಅದನ್ನು 20 ಎಂದುಕೊಂಡು ಸಿದ್ಧಳಾಗುತ್ತಾಳೆ. ಇನ್ನೂ ಸಣ್ಣ ಹೆಜ್ಜೆ ಬೇಕಾದವರಿಗೆ ಆರನೇ ಭಾಗದ ಲೆಕ್ಕವಿದೆ. ಹತ್ತು ಡಿಗ್ರಿಗೆ ಆರರಲ್ಲೊಂದು, ಇಪ್ಪತ್ತಕ್ಕೆ ಆರರಲ್ಲೆರಡು, ಹೀಗೆ ಅರವತ್ತಕ್ಕೆ ಆರಕ್ಕೆ ಆರು. ಏಪ್ರಿಲ್ ಮಧ್ಯಾಹ್ನ ಕಡಲಗಾಳಿ 110 ಡಿಗ್ರಿಯಿಂದ 14 ನಾಟ್ ಬೀಸುತ್ತಿದೆ, ರನ್‌ವೇ 07 ಎನ್ನಿ. ಕೋನ 40, ಆರರಲ್ಲಿ ನಾಲ್ಕು, ಸುಮಾರು ಒಂಬತ್ತು. ಸೈನ್ ಕೋಷ್ಟಕ ತೆಗೆದು ನೋಡಿದರೂ ಒಂಬತ್ತೇ.

ಸೈನ್ ಎಂಬ ಹೆಸರಿನ ಬೇರು ನಮ್ಮ ನೆಲದ್ದು. ಆರ್ಯಭಟ 499ರಲ್ಲಿ ಕೊಟ್ಟದ್ದು ‘ಜ್ಯಾ’ಗಳ ಪಟ್ಟಿ. ಜ್ಯಾ ಎಂದರೆ ಬಿಲ್ಲಿನ ಹೆದೆ. ಅದರ ಇನ್ನೊಂದು ರೂಪ ಜೀವಾ ಅರಬ್ಬಿಗೆ ಹೋಗಿ ‘ಜಿಬ’ ಆಯಿತು. ಅದನ್ನು ‘ಜೈಬ್’ ಎಂದು ಓದಿಕೊಂಡವರು ಲ್ಯಾಟಿನ್‌ಗೆ ‘ಸೈನಸ್’ ಎಂದು ತಂದರು. ಏಳನೇ ಶತಮಾನದ ಒಂದನೇ ಭಾಸ್ಕರನಂತೂ ಪಟ್ಟಿಯೇ ಬೇಡದ ಸೂತ್ರವೊಂದನ್ನು ಕೊಟ್ಟ. ಕೋನವನ್ನು 180ರಿಂದ ಕಳೆದು, ಉಳಿದದ್ದನ್ನು ಕೋನದಿಂದಲೇ ಗುಣಿಸು. ಆ ಗುಣಲಬ್ಧದ ನಾಲ್ಕರಷ್ಟನ್ನು, 40500ರಿಂದ ಅದೇ ಗುಣಲಬ್ಧ ಕಳೆದರೆ ಉಳಿಯುವುದರಿಂದ ಭಾಗಿಸು. 30 ಡಿಗ್ರಿಗೆ ಹಾಕಿ ನೋಡಿ: 30ನ್ನು 150ರಿಂದ ಗುಣಿಸಿದರೆ 4500, ಅದರ ನಾಲ್ಕರಷ್ಟು 18000, ಕೆಳಗೆ 36000. ಅರೆ! ಕೈಗೆ ಸಿಗುವ ಸಲಕರಣೆಯಲ್ಲಿ ಸಾಕಷ್ಟು ಸರಿಯಾದ ಉತ್ತರ ತೆಗೆಯುವುದೂ ಗಣಿತವೇ ಎಂದು ತಿಳಿದಿದ್ದವರು ಅವರು. ಹನ್ನೆರಡನೇ ಶತಮಾನದಲ್ಲಿ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯ ಬದುಕಿಗೆ ಬೇಕಾದ ಲೆಕ್ಕವನ್ನು ಆಡುವ ಮಾತಿಗೆ ತಂದಿದ್ದೂ ಅದೇ ತಿಳಿವಿನಿಂದ ಎಂದು ನನಗನ್ನಿಸುತ್ತದೆ.

ಇನ್ನೊಂದು ಕಾಕತಾಳೀಯವನ್ನು ಹೇಳದೆ ಮುಂದೆ ಹೋಗಲಾರೆ. ವಿಮಾನ ನಿಲ್ದಾಣದ ಈಶಾನ್ಯಕ್ಕೆ ಪರಂಗಿಮಲೈ ಇದೆ, ಸೇಂಟ್ ಥಾಮಸ್ ಬೆಟ್ಟ. ಅದರ ನೆತ್ತಿಯಲ್ಲಿ ನಿಂತರೆ ರನ್‌ವೇ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. 1802ರ ಏಪ್ರಿಲ್ 10ರಂದು ವಿಲಿಯಂ ಲ್ಯಾಂಬ್ಟನ್ ಇದೇ ಬೆಟ್ಟದ ಬಳಿ ಉಕ್ಕಿನ ಸರಪಳಿ ಹಿಡಿದು ಏಳೂವರೆ ಮೈಲಿಯ ಅಡಿಗೆರೆಯೊಂದನ್ನು ಅಳೆಯಲು ತೊಡಗಿದ. ಒಂದು ಬದಿಯ ಉದ್ದ ಗೊತ್ತಾದರೆ ಉಳಿದದ್ದು ಕೋನ ಮತ್ತು ಸೈನ್‌ಗಳ ಕೆಲಸ. ತ್ರಿಕೋನದ ಮೇಲೆ ತ್ರಿಕೋನ ಹೆಣೆಯುತ್ತಾ ಇಡೀ ದೇಶವನ್ನೇ ಅಳೆದರು. 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಅಡಿಗೆರೆ ಅಳೆದು, ತ್ರಿಕೋನಗಳನ್ನು ಮಂಗಳೂರಿನ ಕಡಲಿನವರೆಗೂ ಒಯ್ದರು. ಅಂದು ತಿಂಗಳುಗಟ್ಟಲೆ ಹಿಡಿದ ಅದೇ ಸೈನ್ ಲೆಕ್ಕವನ್ನು ಇಂದು ಅದೇ ಬೆಟ್ಟದ ಬುಡದಲ್ಲಿ ಇಳಿಯುವವರು ಎರಡು ಉಸಿರಿನ ನಡುವೆ ಮುಗಿಸುತ್ತಾರೆ.

ಎರಡು ಉಸಿರು ಎಂದದ್ದು ಉತ್ಪ್ರೇಕ್ಷೆಯಲ್ಲ. ವಿಮಾನ 140 ನಾಟ್ ವೇಗದಲ್ಲಿ, ಮೂರು ಡಿಗ್ರಿ ಇಳಿಜಾರಿನಲ್ಲಿ ಬರುತ್ತಿದೆ ಎನ್ನಿ. ಸಾವಿರ ಅಡಿಯಿಂದ ನೆಲಕ್ಕೆ ಒಂದೂವರೆ ನಿಮಿಷವೂ ಇಲ್ಲ. ಟವರ್‌ನಿಂದ ಇಳಿಯಲು ಅನುಮತಿ ಬರುವಾಗ ಅದರ ಜೊತೆಗೇ ಗಾಳಿಯ ದಿಕ್ಕು, ವೇಗ ಬರುತ್ತದೆ. ಅಷ್ಟರಲ್ಲಿ ಲೆಕ್ಕ ಮುಗಿದು, ಇಳಿಯಬಹುದೋ ಬೇಡವೋ ಎಂಬುದು ಸ್ಪಷ್ಟವಾಗಬೇಕು.

"ವಿಮಾನದೊಳಗೆ ಅಷ್ಟೊಂದು ಕಂಪ್ಯೂಟರ್ ಇದೆಯಲ್ಲಮ್ಮ, ಅದು ಹೇಳುವುದಿಲ್ಲವೇ?" ಎಂದು ಕೇಳಿದೆ. ಹೇಳುತ್ತದೆ, ಪರದೆಯ ಮೂಲೆಯಲ್ಲಿ ಬಾಣ ಹಾಕಿ ತೋರಿಸುತ್ತದೆ. ಆದರೆ ಅದು ವಿಮಾನ ಆಗ ಇರುವ ಎತ್ತರದ ಗಾಳಿ. ಸಾವಿರ ಅಡಿ ಮೇಲೆ ಗಾಳಿ 060ರಿಂದ 35 ನಾಟ್ ಇರಬಹುದು. ಕೋನ ಹತ್ತೇ, ಆರರಲ್ಲೊಂದು, ಅಡ್ಡಗಾಳಿ ಸುಮಾರು ಆರು. ಕೆಳಗೆ ಮನೆ, ಮರ, ಗುಡ್ಡಗಳಿಗೆ ಉಜ್ಜಿಕೊಂಡ ಗಾಳಿ ವೇಗ ಕಳೆದುಕೊಳ್ಳುವುದಲ್ಲದೆ ದಿಕ್ಕನ್ನೂ ಎಡಕ್ಕೆ ತಿರುಗಿಸಿಕೊಂಡು 040ರಿಂದ 20 ಆಗಿರುತ್ತದೆ. ಅಡ್ಡಗಾಳಿ ಹತ್ತು. ಗಾಳಿ ಕಡಿಮೆಯಾಯಿತು, ಅಡ್ಡಗಾಳಿ ಹೆಚ್ಚಿತು! ಪರದೆಯನ್ನೇ ನಂಬಿ ಬಂದವರಿಗೆ ಕೊನೆಯ ಇನ್ನೂರು ಅಡಿಯಲ್ಲಿ ಬೇರೆಯೇ ಊರು ಎದುರಾಗುತ್ತದೆ. ನೆಲದ ಗಾಳಿಯನ್ನು ಅಳೆಯುವುದು ನಿಲ್ದಾಣದ ಹತ್ತು ಮೀಟರ್ ಎತ್ತರದ ಕಂಬ. ಅದರ ಅಂಕಿಯನ್ನು ಟವರ್‌ನ ದನಿಯಿಂದ ಕಿವಿಗೆ ಹಾಕಿಕೊಂಡು, ತಲೆಯಲ್ಲಿ ಪಾಲು ಮಾಡಬೇಕು.

ಅಡ್ಡಗಾಳಿಯ ಅಂಕಿ ಸಿಕ್ಕ ಮೇಲೆ ಮೂತಿಯನ್ನು ಎಷ್ಟು ತಿರುಗಿಸಬೇಕು ಎಂಬುದೂ ಬಾಯಿಲೆಕ್ಕವೇ. ಅಡ್ಡಗಾಳಿಯನ್ನು 60ರಿಂದ ಗುಣಿಸಿ ವಿಮಾನದ ವೇಗದಿಂದ ಭಾಗಿಸಿದರೆ ಡಿಗ್ರಿ ಬರುತ್ತದೆ. ಹತ್ತು ನಾಟ್‌ಗೆ 600 ಭಾಗಿಸು 140, ನಾಲ್ಕು ಚಿಲ್ಲರೆ. ಇಪ್ಪತ್ತು ನಾಟ್‌ಗೆ ಎಂಟೂವರೆ. ನೆಲ ಮುಟ್ಟುವ ಮೊದಲು ಬಾಲದ ರಡ್ಡರ್ ಒತ್ತಿ ಮೂತಿಯನ್ನು ನಡುಗೆರೆಗೆ ತರಬೇಕು, ಗಾಳಿ ಬರುವ ಕಡೆಯ ರೆಕ್ಕೆ ಏಳದಂತೆ ಕೊಂಚ ತಗ್ಗಿಸಿ ಹಿಡಿಯಬೇಕು. ಹಾಗೆ ಮಾಡದೆ ವಾರೆಯಾಗಿಯೇ ಇಳಿದರೆ ಚಕ್ರದ ಕಾಲುಗಳು ಅಡ್ಡ ಭಾರಕ್ಕೆ ಸಿಕ್ಕುತ್ತವೆ. ಅಡ್ಡಗಾಳಿಯ ದಿನ ವಿಮಾನ ಧಡ್ ಎಂದು ಕೂತರೆ ಪ್ರಯಾಣಿಕರು ಮುಖ ಸಿಂಡರಿಸುತ್ತಾರೆ. ಆದರೆ ಒದ್ದೆ ರನ್‌ವೇ ಮೇಲೆ ತೇಲಿಕೊಂಡು ಹೋಗದೆ ಗಟ್ಟಿಯಾಗಿ ಕೂರಿಸುವುದೇ ಸರಿಯಾದ ಇಳಿತ ಎಂದು ಅವಳು ಹೇಳಿದ ಮೇಲೆ ನಾನು ಅಂಥ ಪೈಲಟ್‌ಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮೀನಂಬಾಕ್ಕಂನ ದೊಡ್ಡ ರನ್‌ವೇ 07-25. ಸುಮಾರು 3,660 ಮೀಟರ್ ಉದ್ದ. ಇದರ ದಿಕ್ಕು ಈ ಊರಿನ ಗಾಳಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಹಿಂಗಾರು ಈಶಾನ್ಯದಿಂದ, ಮುಂಗಾರು ನೈಋತ್ಯ ಪಡುವಣದಿಂದ. ಹಿಂಗಾರಿನಲ್ಲಿ 07, ಮುಂಗಾರಿನಲ್ಲಿ 25, ಎರಡೂ ಮೂಗಿನ ನೇರಕ್ಕೆ ಹತ್ತಿರ. ಬೇಸಿಗೆಯಲ್ಲಿ ಬೆಳಗ್ಗೆ ಪಡುಗಾಳಿ, ಮಧ್ಯಾಹ್ನ ಕಡಲಗಾಳಿ; ಮನೆಮನೆಯವರು ಕಡಲಗಾಳಿ ಯಾವಾಗ ಬಂದೀತು ಎಂದು ಬೆವರು ಒರೆಸಿಕೊಳ್ಳುತ್ತಾ ಕಾಯುವ ಹೊತ್ತಿನಲ್ಲಿ ಟವರ್‌ನವರೂ ಕಾಯುತ್ತಿರುತ್ತಾರೆ, ವಿಮಾನಗಳು ಇಳಿಯುವ ತುದಿಯನ್ನೇ ಬದಲಿಸಲು. ತಮಿಳರು ಹಿಂದಿನಿಂದಲೂ ನಾಲ್ಕು ದಿಕ್ಕಿನ ಗಾಳಿಗೆ ನಾಲ್ಕು ಹೆಸರಿಟ್ಟವರು: ವಾಡೈ ಬಡಗಣದ್ದು, ತೆಂಡ್ರಲ್ ತೆಂಕಣದ್ದು, ಕೊಂಡಲ್ ಮೂಡಣದ್ದು, ಕೋಡೈ ಪಡುವಣದ್ದು. ಎರಡನೆಯ ರನ್‌ವೇ 12-30 ಚಿಕ್ಕದು, ಅಡ್ಯಾರ್ ಹೊಳೆಯ ಮೇಲೆ ಸೇತುವೆ ಕಟ್ಟಿ ಆಚೆ ದಡಕ್ಕೆ ಚಾಚಿದ್ದು. 2015ರ ಡಿಸೆಂಬರಿನಲ್ಲಿ ಆ ಹೊಳೆ ಉಕ್ಕಿ ನಿಲ್ದಾಣಕ್ಕೆ ನುಗ್ಗಿದ್ದನ್ನು ಈ ಊರು ಮರೆತಿಲ್ಲ.

ಮಳೆಗಾಳಿಗಳಿಗೆ ಒಪ್ಪುವ 07-25 ರನ್‌ವೇ ಚಂಡಮಾರುತಕ್ಕೆ ಒಪ್ಪುವುದಿಲ್ಲ. ನಮ್ಮ ಗೋಳಾರ್ಧದ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಅದರ ಕೇಂದ್ರ ಸರಿಸುಮಾರು ಎಡಗೈ ಕಡೆ ಇರುತ್ತದೆ. ಕೇಂದ್ರ ಇನ್ನೂ ಆಗ್ನೇಯದ ಕಡಲಿನಲ್ಲಿದ್ದರೆ ಚೆನ್ನೈಗೆ ಈಶಾನ್ಯದ ಗಾಳಿ, 07 ತಡೆದುಕೊಳ್ಳುತ್ತದೆ. ಅದು ಊರಿನ ನೇರ ಮೂಡಣಕ್ಕೆ ಬಂತೋ, ಗಾಳಿ ಬಡಗಣದಿಂದ, 360 ಡಿಗ್ರಿಯಿಂದ. 07ಕ್ಕೆ ಕೋನ 70, ಪೂರ್ತಿ. ಹಾಗಾದರೆ 30ರಲ್ಲಿ ಇಳಿಯೋಣವೇ? 300ಕ್ಕೂ 360ಕ್ಕೂ 60, ಅಲ್ಲೂ ಪೂರ್ತಿ. ಎರಡು ರನ್‌ವೇ ಇದ್ದೂ ಬಡಗಾಳಿಗೆ ಎರಡೂ ಅಡ್ಡ. 2016ರ ಡಿಸೆಂಬರ್ 12ರಂದು ವರ್ದಾ ಚಂಡಮಾರುತ ಊರಿನ ಹತ್ತಿರವೇ ನೆಲ ಮುಟ್ಟಿದಾಗ ಮೊದಲು ಒಂದು ಕಡೆಯಿಂದ ಬೀಸಿ ಮರಗಳನ್ನು ಮಲಗಿಸಿದ ಗಾಳಿ, ನಡುವೆ ಕೊಂಚ ಹೊತ್ತು ಉಸಿರು ಬಿಗಿಹಿಡಿದು, ಆಮೇಲೆ ಎದುರು ದಿಕ್ಕಿನಿಂದ ಬಂತು. 2023ರ ಡಿಸೆಂಬರ್ 4ರಂದು ಮಿಚೌಂಗ್ ಕರಾವಳಿಗೆ ಸಮಾನಾಂತರವಾಗಿ ಬಡಗಣಕ್ಕೆ ಸಾಗಿದಾಗಲೂ ನಿಲ್ದಾಣ ಮುಚ್ಚಿತ್ತು.

ಈಗ 2024ರ ನವೆಂಬರ್ 30ಕ್ಕೆ ಬರುತ್ತೇನೆ. ಫೆಂಗಲ್ ಚಂಡಮಾರುತ ಪುದುಚೇರಿಯ ಕಡೆಗೆ ನಡೆದಿತ್ತು. ರಾತ್ರಿ ಅಲ್ಲೇ ನೆಲ ಮುಟ್ಟಿತು. ಆ ದಿನ ಮುಂಬೈಯಿಂದ ಬಂದ ಇಂಡಿಗೊದ ಏರ್‌ಬಸ್ ಎ320 ನಿಯೋ ವಿಮಾನವೊಂದು ಮೀನಂಬಾಕ್ಕಂನಲ್ಲಿ ಇಳಿಯಲು ಬಂತು. ಯಾರೋ ತೆಗೆದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು, ನಿಮ್ಮದಕ್ಕೂ ಬಂದಿರಬಹುದು. ನೀರು ಹರಡಿದ ರನ್‌ವೇ, ಮಸುಕು ಬೆಳಕು, ಇನ್ನೇನು ಚಕ್ರ ತಾಗಬೇಕು ಎನ್ನುವಾಗ ವಿಮಾನ ಎಡಕ್ಕೆ ವಾಲುತ್ತದೆ, ರೆಕ್ಕೆಯ ತುದಿ ನೆಲಕ್ಕೆ ಬಂದೇಬಿಟ್ಟಿತು ಎನಿಸುತ್ತದೆ, ಮರುಕ್ಷಣ ಮೂತಿ ಎತ್ತಿ ಮೇಲೇರಿ ಮಳೆಯಲ್ಲಿ ಮರೆಯಾಗುತ್ತದೆ. ಮಳೆ ಮತ್ತು ಬಿರುಸಾದ ಅಡ್ಡಗಾಳಿಯಿಂದಾಗಿ ನಿಗದಿತ ಸುರಕ್ಷಾ ಕ್ರಮದಂತೆ ‘ಗೋ-ಅರೌಂಡ್’ ಮಾಡಲಾಯಿತು ಎಂದು ಸಂಸ್ಥೆ ಹೇಳಿತು. ನಿಲ್ದಾಣ ಆ ದಿನ ಮುಚ್ಚಿ, ಮರುದಿನ ನಸುಕಿನಲ್ಲಿ ತೆರೆಯಿತು.

ಆ ವಿಡಿಯೊ ನೋಡಿದವರೆಲ್ಲ ಬೆಚ್ಚಿ ಬಿದ್ದರು, ನಾನೂ ಬಿದ್ದೆ. ನಮ್ಮ ಮನೆಯ ಸೋಫಾದ ಮೇಲೆ ಕೂತು ಅದನ್ನು ನಾಲ್ಕು ಸಲ ನೋಡಿದ ಅವಳು ಮಾತ್ರ ನಿಲ್ಲಿಸಿದ್ದು ರೆಕ್ಕೆ ವಾಲಿದಲ್ಲಿ ಅಲ್ಲ, ಅದರ ಮುಂದಿನ ಕ್ಷಣದಲ್ಲಿ. "ಇಲ್ಲಿ ನೋಡಿ ಮಾವ, ಮೂತಿ ಎದ್ದಿದೆ. ತಡ ಮಾಡಿಲ್ಲ" ಅಂದಳು. ಅದು ಸಾವಿನ ದವಡೆಯಿಂದ ಪಾರಾದ ಕತೆಯಾಗಿ ಊರೆಲ್ಲ ಹರಡಿತು. ಅಷ್ಟೇ ಸತ್ಯ ಇನ್ನೊಂದಿದೆ, ಅದನ್ನು ಯಾರೂ ಹಂಚಲಿಲ್ಲ. ಇಳಿಯುವುದಿಲ್ಲ ಎಂಬುದನ್ನೂ ಒಂದು ಉತ್ತರವಾಗಿ ಮೊದಲೇ ತಲೆಯಲ್ಲಿ ಇಟ್ಟುಕೊಂಡು ಬಂದವರಿಗೆ ಮಾತ್ರ ಆ ಕ್ಷಣದಲ್ಲಿ ಕೈ ಆಡುತ್ತದೆ. ಅಡ್ಡಗಾಳಿಯ ಬಾಯಿಲೆಕ್ಕ ಇರುವುದೇ ಅದಕ್ಕೆ. ಅದರಿಂದ ಯಾರೂ ದಶಮಾಂಶ ತೆಗೆಯಬೇಕಾಗಿಲ್ಲ. ಹತ್ತು ಎಂದರೆ ಸರಿ, ಇಪ್ಪತ್ತೈದು ಎಂದರೆ ಕೈ ಬಿಗಿ, ನಲವತ್ತು ಎಂದರೆ ಬೇಡ. ಈ ಮೂರರಲ್ಲಿ ಇಂದು ಯಾವುದು ಎಂದು ಗೊತ್ತಾದರೆ ಸಾಕು.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 2008ರ ಮಾರ್ಚ್ 1ರಂದು ಲುಫ್ತಾನ್ಸಾದ ಎ320 ವಿಮಾನಕ್ಕೆ ಆದದ್ದು ಈ ಲೆಕ್ಕಕ್ಕೆ ಒಳ್ಳೆಯ ಪಾಠ. ಎಮ್ಮಾ ಎಂಬ ಬಿರುಗಾಳಿಯ ದಿನ. ಇಳಿದದ್ದು ರನ್‌ವೇ 23ರಲ್ಲಿ. ಅನುಮತಿಯ ಜೊತೆ ಟವರ್ ಕೊಟ್ಟ ಗಾಳಿ 300 ಡಿಗ್ರಿಯಿಂದ 33 ನಾಟ್, ಬೀಸು 47. ಗಡಿಯಾರ ಹಿಡಿಯಿರಿ: 230ಕ್ಕೂ 300ಕ್ಕೂ 70, ಪೂರ್ತಿ. ಎಡಗಡೆಯ ಚಕ್ರ ತಾಗಿತು, ಗಾಳಿ ಬಲ ರೆಕ್ಕೆಯನ್ನು ಎತ್ತಿತು, ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಮೇಲೇರಿ, ಸುತ್ತು ಹಾಕಿ, ರನ್‌ವೇ 33ರಲ್ಲಿ ಸುರಕ್ಷಿತವಾಗಿ ಇಳಿದರು. ಆ 33ಕ್ಕೆ ಲೆಕ್ಕ ಹಾಕಿ: 330ಕ್ಕೂ 300ಕ್ಕೂ 30, ಅರೆ. ಅದೇ ಬಿರುಗಾಳಿ, ಅದೇ ಊರು, ಅಡ್ಡಗಾಳಿ ಅರ್ಧಕ್ಕೆ ಇಳಿಯಿತು. ವಿಮಾನದಲ್ಲಿದ್ದ 137 ಜನರಲ್ಲಿ ಯಾರಿಗೂ ಗಾಯವಾಗಲಿಲ್ಲ.

ಆ ಘಟನೆಯ ತನಿಖೆ ಒಂದು ಗೊಂದಲವನ್ನೂ ಎತ್ತಿ ತೋರಿಸಿತು. ಎ320ರ ಕೈಪಿಡಿಯಲ್ಲಿ ಇಳಿಯಲು 33 ನಾಟ್, ಬೀಸು ಸೇರಿ 38 ಎಂಬ ಅಡ್ಡಗಾಳಿಯ ಅಂಕಿ ಇದೆ. ಇದು ತಯಾರಕರು ಹಾರಿಸಿ ತೋರಿಸಿದ ಅತಿ ಹೆಚ್ಚಿನ ಅಂಕಿ. ಅದು ದಾಟಲೇಬಾರದ ಗೆರೆಯೋ, ಸೂಚನೆಯೋ ಎಂಬುದನ್ನು ಬೇರೆ ಬೇರೆ ಪೈಲಟ್‌ಗಳು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿದ್ದರು. ಕಲಿಯುವವರ ಸೆಸ್ನಾ 172ಕ್ಕೆ ಅದೇ ಅಂಕಿ ಬರೀ 15. ತರಬೇತಿ ಮೈದಾನದ ಗಾಳಿಚೀಲಗಳು ಸಾಮಾನ್ಯವಾಗಿ 15 ನಾಟ್‌ಗೆ ಪೂರ್ತಿ ಚಾಚಿಕೊಳ್ಳುತ್ತವೆ. ಚೀಲ ನೆಟ್ಟಗೆ ನಿಂತು, ರನ್‌ವೇಗೆ ಅಡ್ಡಲಾಗಿದ್ದರೆ ಹೊಸಬರು ಅವತ್ತು ಹ್ಯಾಂಗರ್ ಗುಡಿಸಿಕೊಂಡಿರುವುದು ಮೇಲು.

ತಂಗಿಯ ಮಗಳೂ ಒಮ್ಮೆ ಎಡವಿದವಳೇ. ಕಲಿಕೆಯ ದಿನಗಳಲ್ಲಿ, ರನ್‌ವೇ 03. ಗಾಳಿ 350ರಿಂದ 15 ನಾಟ್. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಅಭ್ಯಾಸದಲ್ಲಿ 350ರಿಂದ 30 ಕಳೆದು 320 ಎಂದು ಬಂತು. 320 ಡಿಗ್ರಿ ಕೋನ ಎಂದರೇನು? ಅದನ್ನೇ ಯೋಚಿಸುತ್ತಾ ಕೂತಳು. ವಿಮಾನ ಕಾಯಲಿಲ್ಲ, ನಡುಗೆರೆ ಬಿಟ್ಟು ಬಲಕ್ಕೆ ಜಾರತೊಡಗಿತು. ಪಕ್ಕದಲ್ಲಿದ್ದ ಶಿಕ್ಷಕರು ಹಿಡಿ ಕಸಿದುಕೊಂಡು ಮೇಲೇರಿಸಿದರು. ಕೆಳಗಿಳಿದ ಮೇಲೆ ಬೈಯಲಿಲ್ಲವಂತೆ. ದಿಕ್ಸೂಚಿಯ ದುಂಡು ಮುಖವನ್ನು ತೋರಿಸಿ, ಅಂಕಿಯಲ್ಲಿ ಕಳೆಯಬೇಡ, ಇಲ್ಲಿ ನೋಡು ಅಂದರು. ರನ್‌ವೇಯ ದಿಕ್ಕು ನೆತ್ತಿಯ ಮೇಲಿದೆ. ಅಂಚಿನಲ್ಲಿ 350 ಎಲ್ಲಿದೆ? ಎಡಗಡೆ, ನಲವತ್ತು ಡಿಗ್ರಿ ಆಚೆ. ಆ ಬಿಂದುವಿನಿಂದ ನಡುಗೆರೆಗೆ ಅಡ್ಡಗೆರೆ ಎಳೆದ ಹಾಗೆ ಕಲ್ಪಿಸಿಕೋ. ಕೇಂದ್ರದಿಂದ ಅಂಚಿನವರೆಗಿನ ದೂರಕ್ಕೆ ಹೋಲಿಸಿದರೆ ಆ ಅಡ್ಡಗೆರೆ ಎಷ್ಟು ಉದ್ದ? ಅರ್ಧಕ್ಕೆ ಮೇಲು, ಮುಕ್ಕಾಲಿಗೆ ಕಡಿಮೆ. ಹದಿನೈದರಲ್ಲಿ ಹತ್ತು. ಅದೇ ಉತ್ತರ. ಆ ಅಡ್ಡಗೆರೆಯೇ ಆರ್ಯಭಟನ ಜ್ಯಾ ಎಂದು ನಾನು ಕಾಗದದ ಮೇಲೆ ಬರೆದು ತೋರಿಸಿದಾಗ ಅವಳು ಎಷ್ಟೋ ಹೊತ್ತು ಆ ಚಿತ್ರವನ್ನೇ ನೋಡುತ್ತಿದ್ದಳು.

ಅಡ್ಡಗಾಳಿ ಚಿಕ್ಕದಾದ ಮಾತ್ರಕ್ಕೆ ಗಾಳಿ ಒಳ್ಳೆಯದು ಎಂದುಕೊಳ್ಳಬಾರದು. 2020ರ ಆಗಸ್ಟ್ 7ರ ರಾತ್ರಿ ಕೋಯಿಕ್ಕೋಡ್‌ನಲ್ಲಿ ಮೊದಲು 28ರಲ್ಲಿ ಪ್ರಯತ್ನಿಸಿ, ಆಮೇಲೆ ಎದುರು ತುದಿಯ 10ರಲ್ಲಿ ಇಳಿದ ವಿಮಾನಕ್ಕೆ ಅಡ್ಡಗಾಳಿ ಅಲ್ಪವೇ ಇತ್ತು. ಬೆನ್ನಿನಿಂದ ತಳ್ಳಿದ ಪಾಲು ಸುಮಾರು 14 ನಾಟ್. ಟೇಬಲ್‌ಟಾಪ್ ರನ್‌ವೇ, ಮಳೆ, ತಡವಾಗಿ ತಾಗಿದ ಚಕ್ರ. 21 ಜನ ಹೋದರು. ಮಂಗಳೂರಿನ ಬಜ್ಪೆಯ ಟೇಬಲ್‌ಟಾಪ್ ಕಂಡವರಿಗೆ, 2010ರ ಮೇ 22ರಂದು ಅಲ್ಲಿ 158 ಜನರನ್ನು ಕಳೆದುಕೊಂಡ ಕರಾವಳಿಯವರಿಗೆ, ರನ್‌ವೇ ಮುಗಿಯುವುದು ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಗಾಳಿಯನ್ನು ಪಾಲು ಮಾಡುವಾಗ ಎರಡು ಪಾಲನ್ನೂ ನೋಡಬೇಕು, ಪಕ್ಕೆಯದ್ದನ್ನೂ ಬೆನ್ನಿನದ್ದನ್ನೂ.

ಇದೇ ಮದ್ರಾಸಿಗೆ 1932ರ ಅಕ್ಟೋಬರಿನಲ್ಲಿ ಬಂದ ಟಾಟಾ ಅಂಚೆ ವಿಮಾನ ನನಗೆ ಪದೇ ಪದೇ ನೆನಪಾಗುತ್ತದೆ. 15ರಂದು ಕರಾಚಿಯಿಂದ ಜೆ.ಆರ್.ಡಿ. ಟಾಟಾ ಮುಂಬೈಗೆ ತಂದ ಟಪಾಲನ್ನು ಅಲ್ಲಿಂದ ನೆವಿಲ್ ವಿನ್ಸೆಂಟ್ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಹೊತ್ತು ಹೊರಟ, ನಮ್ಮ ಬಳ್ಳಾರಿಯಲ್ಲಿ ಇಳಿದು ರಾತ್ರಿ ಕಳೆದು ಮದ್ರಾಸಿಗೆ ಬಂದ. ಒಂದೇ ಎಂಜಿನ್. ರೇಡಿಯೊ ಇಲ್ಲ, ಗಾಳಿಯ ಅಂಕಿ ಓದಿ ಹೇಳುವವರಿಲ್ಲ. ಬಳ್ಳಾರಿಯ ಬಯಲ ಮೇಲೆ ಸುತ್ತು ಹೊಡೆಯುವಾಗ ಆತ ನೋಡಿದ್ದು ಒಲೆಯ ಹೊಗೆ ಎತ್ತ ವಾಲುತ್ತಿದೆ, ಜೋಳದ ಹೊಲ ಎತ್ತ ಬಾಗುತ್ತಿದೆ ಎಂಬುದನ್ನೇ ಇರಬೇಕು. ಯಾರದೋ ಹಿತ್ತಲಿನ ಹಗ್ಗದ ಮೇಲೆ ಹಾರುತ್ತಿದ್ದ ಸೀರೆ ಅವನಿಗೆ ಗಾಳಿಚೀಲವಾಗಿರಲೂಬಹುದು.

ತಂಗಿಯ ಮಗಳು ಹೋದ ಮೇಲೆ ನನಗೆ ಇದೊಂದು ಹುಚ್ಚಾಗಿದೆ. ಸಂಜೆ ತಾರಸಿಗೆ ಹೋಗುತ್ತೇನೆ, ಹಗ್ಗದ ಮೇಲಿನ ಬಟ್ಟೆ ನೋಡುತ್ತೇನೆ, ದಿಕ್ಕು ಅಂದಾಜು ಮಾಡುತ್ತೇನೆ, ಪಾಲು ಹೇಳಿಕೊಳ್ಳುತ್ತೇನೆ, ಆಮೇಲೆ ಬರುವ ವಿಮಾನದ ಮೂತಿ ನೋಡಿ ಸರಿಯೇ ಎಂದು ಒರೆಗೆ ಹಚ್ಚುತ್ತೇನೆ. ಹೆಂಡತಿಗೂ ಅಂಟಿದೆ. ಅವಳು ಅಡುಗೆಮನೆಯ ಕಿಟಕಿಯಿಂದ ತೆಂಗಿನ ಗರಿ ನೋಡಿ "ಇವತ್ತು ಕಾಲು" ಅನ್ನುತ್ತಾಳೆ, ಬಹಳ ಸಲ ಸರಿಯಾಗಿಯೇ ಇರುತ್ತದೆ.

ಹೋದ ಹಿಂಗಾರಿನ ಕೊನೆಯಲ್ಲಿ ಒಂದು ರಾತ್ರಿ ಗಾಳಿ ಬಡಗಣಕ್ಕೆ ತಿರುಗಿತು. ಕಿಟಕಿಯ ಬಾಗಿಲು ಹಿಂದೆಂದೂ ಬಡಿಯದ ಕಡೆಯಿಂದ ಬಡಿಯಿತು. ತಂಗಿಯ ಮಗಳ ವಿಮಾನ ಬರುವ ಹೊತ್ತು. ನಾನು ಮಳೆಯಲ್ಲೇ ತಾರಸಿಗೆ ಹೋಗಿ ನಿಂತೆ. ಮೋಡದೊಳಗೆ ದೀಪಗಳು ಕಂಡವು, ಹತ್ತಿರವಾದವು, ಸದ್ದು ಇದ್ದಕ್ಕಿದ್ದಂತೆ ಏರಿತು, ದೀಪಗಳು ಮೇಲಕ್ಕೆದ್ದು ಮರೆಯಾದವು. ಅದು ಅವಳದೋ ಬೇರೆಯವರದೋ ತಿಳಿಯಲಿಲ್ಲ. ಗಂಟೆ ಕಳೆದ ಮೇಲೆ ಫೋನಿಗೆ ಸಂದೇಶ ಬಂತು.

"ಪೂರ್ತಿ, ಮಾವ. ಇಳಿಯಲಿಲ್ಲ. ಬೆಂಗಳೂರಿಗೆ ಬಂದು ಕೂತಿದೀವಿ. ಅಮ್ಮನಿಗೆ ಒಂದು ಫೋನ್ ಮಾಡಿ ಹೇಳಿಬಿಡಿ."